ಮೇಯರ್ ಮನೆಯ ಬೆಳ್ಳಿ ತೊಟ್ಟಿಲು

ಮೇಯರ್ ಗಾದಿಯಲ್ಲಿದ್ದಾಗ ಅವನ ಹೆಂಡತಿ ಹೆತ್ತರೆ ಊರವರು ಬೆಳ್ಳಿ ತೊಟ್ಟಿಲು ಕೊಡುವುದು ಪೋರ್ಟ್ ಹ್ಯಾಲಮ್ಮಿನ ವಾಡಿಕೆ. ಜೊಸಾಯ ಪೆಂಗೆಲಿಗೂ ಕೊಟ್ಟರು. ಊಟದ ತಟ್ಟೆಯಷ್ಟಗಲದ್ದು, ಮಗು ಹಾಗಿರಲಿ, ಬೆಕ್ಕಿನ ಮರಿಯನ್ನು ಮಲಗಿಸಿದರೂ ಕಾಲು ಹೊರಗೆ. ಅದನ್ನು ಉಜ್ಜಿ ಉಜ್ಜಿ ಹೆಂಡತಿ ಲವಿನಿಯಾಳ ಕೈ ಸೋತಿತ್ತು.

ಪೆಂಗೆಲಿ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬರಿಗೈಯಲ್ಲಿ ಹಡಗು ಹತ್ತಿ ಬಂದವನು. ಕೈಗಾಡಿಯಲ್ಲಿ ನಿಂಬೆ ಶರಬತ್ತು ಮಾರಿದ, ಸೋಡಾ ಕಾರ್ಖಾನೆ ಹಾಕಿದ, ನಲವತ್ತು ದಾಟಿದ ಮೇಲೆ ಮೇಷ್ಟರ ಮಗಳನ್ನು ಕಟ್ಟಿಕೊಂಡ, ಮೇಯರೂ ಆದ. ಸೇತುವೆ, ಮಾರುಕಟ್ಟೆ, ಬ್ಯಾಂಡ್ ಮಂಟಪ, ಎಲ್ಲ ಕಡೆಯೂ ಅವನ ಹೆಸರಿನ ಕಲ್ಲು. ಕುಡಿಯುವ ನೀರು ಮಾತ್ರ ಇನ್ನೂ ಹಳ್ಳದಿಂದ ಗಾಡಿಯಲ್ಲೇ ಬರುತ್ತಿತ್ತು. ಬೆಟ್ಟದ ಒರತೆಯಿಂದ ಕೊಳವೆ ಹಾಕಿಸಿ ಎಂದರೆ "ಬರುವ ವರ್ಷ ನೋಡೋಣ" ಎನ್ನುವನು. ನೀರು ಕೆಟ್ಟಷ್ಟೂ ಸೋಡಾ ಖರ್ಚಾಗುತ್ತದೆಂಬುದು ಊರಿಗೆಲ್ಲ ಗೊತ್ತು.

ಹಿಂದಿನ ಬೇಸಿಗೆಯಲ್ಲಿ ಪಕ್ಕದ ಮನೆಯ ಕೂಸು ಭೇದಿಯಾಗಿ ತೀರಿಕೊಂಡಿತ್ತು. ಈಗ ತನ್ನ ಕೂಸು ಪರ್ಸಿಗೂ ಹೊಟ್ಟೆ ಕೆಟ್ಟಾಗ ಲವಿನಿಯಾಗೆ ಕೂತಲ್ಲಿ ಕೂರಲಾಗಲಿಲ್ಲ.

"ಕಾರ್ಖಾನೆ ತೊಟ್ಟಿಯ ಮಳೆನೀರು ಒಂದು ಬಕೆಟ್ ತರಿಸೋಕೇನು ಕಷ್ಟ ನಿಮಗೆ?"

"ಮೇಯರ್ ಮನೇಲೇ ಊರಿನ ನೀರು ಕುಡಿಯಲ್ಲ ಅಂದ್ರೆ ಜನ ಏನಂತಾರೆ, ವಿನ್ನಿ? ಕುದಿಸಿಕೊಡು."

"ಕುದಿಸಿ ಕುದಿಸಿ ನಾನೇ ಬೆಂದುಹೋದೆ. ವಾಸನೆ ಹೋಗ್ತಿಲ್ಲ."

"ನಿಂದೆಲ್ಲ ಬರೀ ಗಾಬರಿ. ತೊಟ್ಟಿಲು ಉಜ್ಜಿಡು. ಗುರುವಾರ ನಗರಸಭೆಯವರು ನೋಡೋಕೆ ಬರ್ತಾರೆ."

ಉಜ್ಜಿಟ್ಟಳು. ಆಮೇಲೆ ಹಿತ್ತಲ ಪೀಪಾಯಿಯಿಂದ ಗಾಡಿಯ ನೀರು ಮೊಗೆದು ಅದರ ತುಂಬ ಸುರಿದು, ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿಟ್ಟಳು.

ಗುರುವಾರ ನಗರಸಭೆಯವರೆಲ್ಲ ಹೆಂಡಿರೊಡನೆ ಬಂದರು. ಮಾಂಸದಂಗಡಿಯ ಮಡ್ಜ್ ಕನ್ನಡಕ ಏರಿಸಿ ತೊಟ್ಟಿಲೊಳಗೆ ಬಗ್ಗಿದ.

"ಅಮ್ಮಾ, ಇದರಲ್ಲಿ ಏನೋ ಒದ್ದಾಡ್ತಿದೆಯಲ್ಲ."

"ಸೊಳ್ಳೆ ಮರಿಗಳು, ಮಡ್ಜ್ ಅವರೇ. ಮಗುವಿಗೆ ತೊಟ್ಟಿಲು ಕೊಟ್ಟೋರೂ ನೀವೇ, ನೀರು ಕೊಡೋರೂ ನೀವೇ. ಎರಡನ್ನೂ ಒಟ್ಟಿಗಿಟ್ಟೆ. ಟೀ ಬಗ್ಗಿಸಲಾ?"

ಯಾರೂ ಟೀ ಮುಟ್ಟಲಿಲ್ಲ. ಪೆಂಗೆಲಿಯ ಮುಖ ಕೊರಳಲ್ಲಿದ್ದ ಮೇಯರ್ ಪದವಿಯ ಸರಪಳಿಯವರೆಗೂ ಕೆಂಪಾಯಿತು.

"ಇನ್ನೊಂದ್ಸಲ ಬರುವ ವರ್ಷ ಅನ್ನು ಜೊಸಾಯ," ಎಂದ ಮಡ್ಜ್, "ಬರುವ ವರ್ಷ ನೀನೇ ಇರಲ್ಲ ಆ ಕುರ್ಚೀಲಿ."

ಸಂಜೆಯೇ ಕಾರ್ಖಾನೆಯಿಂದ ಒಂದು ಪೀಪಾಯಿ ಮಳೆನೀರು ಬಂತು. ವಾರದೊಳಗೆ ಪರ್ಸಿಯ ಹೊಟ್ಟೆ ನೆಟ್ಟಗಾಯಿತು.

ಕೊಳವೆಯೂ ಬಂತು, ಅದಕ್ಕೂ ಅವನ ಹೆಸರಿನ ಕಲ್ಲು. ಉದ್ಘಾಟನೆಯ ದಿನ ತನ್ನ ದೂರದೃಷ್ಟಿಯನ್ನು ತಾನೇ ಹೊಗಳಿಕೊಳ್ಳುತ್ತ ಬಿಸಿಲು ನೆತ್ತಿಗೇರುವವರೆಗೂ ಮಾತಾಡಿದ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಲವಿನಿಯಾ ಕೊನೆಗೆ ತಡೆಯಲಾರದೆ, "ಪೆಂಗೆಲಿಯವರೇ, ಮೊದಲು ನಲ್ಲಿ ತಿರುಗಿಸಿ," ಎಂದಳು.

ತಿಳಿನೀರು ಬಂತು. ಊರು ಚಪ್ಪಾಳೆ ತಟ್ಟಿತು. ಲವಿನಿಯಾ ಒಂದು ಜಗ್ ಹಿಡಿದು ಮನೆಗೆ ತಂದು, ಒಲೆಯ ಮೇಲಿಟ್ಟು ಕುದಿಸಿ, ಆರಿಸಿ, ಆಮೇಲೆ ಪರ್ಸಿಗೆ ಕೊಟ್ಟಳು.