ಮಗನ ತಟ್ಟೆಯ ಮೊದಲ ತುತ್ತು

ಮೊನ್ನೆ ಜನಗಣತಿಗೆಂದು ಶಾಲೆಯ ಮೇಷ್ಟ್ರೊಬ್ಬರು ಮನೆಗೆ ಬಂದಿದ್ದರು. ಊರಿಗೆ ಹೊಸಬರು. ಬಿಸಿಲಲ್ಲಿ ನಡೆದು ಬಂದಿದ್ದಾರಲ್ಲ ಎಂದು ಕಾಫಿ ಮಾಡಿದೆ. ಲೋಟ ತಂದು ಅವರ ಮುಂದೆ ನಿಂತವಳು, ಕೊಡುವ ಮೊದಲು ಒಂದು ಗುಟುಕು ನಾನೇ ಕುಡಿದುಬಿಟ್ಟೆ. ಕುಡಿದು, ತುಟಿ ಒರೆಸಿಕೊಂಡು, "ತಗೊಳಿ" ಎಂದು ಆ ಎಂಜಲು ಲೋಟವನ್ನೇ ಅವರ ಕೈಗಿಟ್ಟೆ. ಪಾಪ, ಆ ಮೇಷ್ಟ್ರ ಮುಖ ನೀವು ನೋಡಬೇಕಿತ್ತು. ಅವರು ತಂದಿದ್ದ ಹಾಳೆಯಲ್ಲಿ ಇಂಥದ್ದನ್ನು ಬರೆದುಕೊಳ್ಳಲು ಜಾಗವಿರಲಿಲ್ಲವೆಂದು ಕಾಣುತ್ತದೆ.

ನಗಬೇಡಿ. ಇದು ಮುದುಕಿಯ ಮರೆವಲ್ಲ, ಅಭ್ಯಾಸ. ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ಹತ್ತಿಕೊಂಡದ್ದು. ರಾಜ್ಯ ಮೈಸೂರಿಗೆ ಸೇರಿತು, ಅಭ್ಯಾಸ ನನ್ನಲ್ಲೇ ಉಳಿಯಿತು.

ಅದಕ್ಕೂ ಮೊದಲು ಎಂಜಲಿನ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಒಲೆಯ ಮೇಲಿನ ಸಾರನ್ನು ಎಂದೂ ನಾಲಗೆಗೆ ಹಚ್ಚಿ ನೋಡಿದವಳಲ್ಲ. ಕುದಿಯುವ ವಾಸನೆಯಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತೇನೆಂದು ಶನಿವಾರಸಂತೆಯ ನೆಂಟರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಮೂರು ದಿನಕ್ಕೊಮ್ಮೆ ಉಪ್ಪು ಕೇಳಿ ಹಾಕಿಸಿಕೊಳ್ಳುತ್ತಿದ್ದರು, ಆ ಮಾತು ಬೇರೆ.

ನಮಗಿದ್ದವನು ಒಬ್ಬನೇ ಮಗ, ಮಲ್ಲೇಶ. ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ, ಆಳುಗಳ ಹಾಜರಿ ಬರೆಯುವ ಕೆಲಸ. ಇಪ್ಪತ್ತೆರಡು ವಯಸ್ಸು. ಒಂದು ದಿನ ಟ್ರಂಕು ಹೊತ್ತುಕೊಂಡು ಬಸ್ಸಿಳಿದು ಬಂದವನು, ಅಲ್ಲಿಯ ಅಡಿಗೆಯವನು ಊಟದಲ್ಲಿ ಏನೋ ಬೆರೆಸುತ್ತಿದ್ದಾನೆ ಎಂದ. ನಾವು ನಂಬಿದೆವು. ಯಜಮಾನರು ಆ ಅಡಿಗೆಯವನನ್ನು ವಿಚಾರಿಸಿಕೊಂಡು ಬರುತ್ತೇನೆಂದು ದೊಣ್ಣೆ ಹಿಡಿದು ಹೊರಟೇಬಿಟ್ಟಿದ್ದರು. ವಾರದ ಮೇಲೆ ನಾನು ಸುಟ್ಟ ಅಕ್ಕಿರೊಟ್ಟಿಯನ್ನೂ ಅವನು ಮೂಸಿ ನೋಡಿ, ತಟ್ಟೆಯನ್ನು ದೂರ ತಳ್ಳಿದ. ಆಗ ನಮಗೆ ಅರ್ಥವಾಯಿತು. ಯಾರೂ ಇಲ್ಲದ ಕಡೆ ಅವನಿಗೆ ಮಾತು ಕೇಳಿಸುತ್ತಿತ್ತು. ತಿನ್ನಬೇಡ, ವಿಷ ಹಾಕಿದ್ದಾರೆ ಎಂದು ಆ ದನಿ ಹೇಳುತ್ತಿತ್ತಂತೆ.

ಹರಕೆ, ತಾಯಿತ ಎಲ್ಲ ಆಯಿತು. ಕೋಣೆಗೆ ಹಾಕಿ ಬೀಗ ಜಡಿಯಿರಿ ಎಂದವರೂ ಇದ್ದರು. ನಾಲ್ಕು ದಿನ ಅವನು ತಾನೇ ಬಾವಿಯಿಂದ ಸೇದಿದ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಅವನ ತಟ್ಟೆಗೇ ಕೈ ಹಾಕಿ, ಒಂದು ತುತ್ತು ಮುರಿದು ನನ್ನ ಬಾಯಿಗಿಟ್ಟುಕೊಂಡು ಕೇಳಿದೆ: "ನೋಡ್ಕೊ, ನಂಗೇನಾದ್ರೂ ಆಯ್ತಾ?"

ಎಲೆ ಅಡಿಕೆ ಅಗಿದು ಉಗುಳುವಷ್ಟು ಹೊತ್ತು ನನ್ನ ಮುಖವನ್ನೇ ನೋಡುತ್ತಾ ಕೂತ. ಆಮೇಲೆ ತಿಂದ.

ಅಲ್ಲಿಂದ ದಿನಕ್ಕೆ ಮೂರು ಸಲ, ಎರಡು ವರ್ಷ. ಮಕ್ಕಳ ಚಿಂತೆಯಲ್ಲಿ ತಾಯಂದಿರು ಸೊರಗುತ್ತಾರೆಂದು ನೀವು ಕೇಳಿರಬಹುದು. ನಾನು ಊದಿಕೊಂಡೆ. ಮೊದಲ ತುತ್ತು ನನ್ನದು, ಅನುಮಾನ ಬಂದರೆ ಎರಡನೆಯದೂ ಮೂರನೆಯದೂ ನನ್ನದು, ಅವನು ಬಿಟ್ಟದ್ದೆಲ್ಲ ನನ್ನದು. "ಮಗನಿಗೆ ಹಂಗಾಗೈತೆ, ಇವಳು ನೋಡಿ ಹೆಂಗವಳೆ" ಎಂದು ಸಂತೆಯಲ್ಲಿ ಹೆಂಗಸರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನನ್ನದೇ ಒಂದು ತಟ್ಟೆ ಇಟ್ಟುಕೊಂಡು ಉಂಡ ನೆನಪೇ ಹೋಗಿತ್ತು. ತವರಿನಲ್ಲಿ ತಮ್ಮನ ಮದುವೆಯ ಮುಹೂರ್ತವಷ್ಟನ್ನೇ ನೋಡಿ, ಮಗನ ಊಟದ ಹೊತ್ತಿಗೆ ಓಡಿಬಂದೆ.

ದಣಿದಿದ್ದೆ. ಸುಳ್ಳೇಕೆ ಹೇಳಲಿ? ತುತ್ತು ಬಾಯಿಗಿಡುವಾಗ, ಇದರಲ್ಲಿ ನಿಜವಾಗಿಯೂ ವಿಷವಿದ್ದಿದ್ದರೆ ಚೆನ್ನಾಗಿತ್ತು ಎಂದು ಒಂದೊಂದು ದಿನ ಅನ್ನಿಸಿದ್ದುಂಟು. ಹೆತ್ತವಳು ಹೀಗೆ ಯೋಚಿಸಬಹುದೇ ಎನ್ನುವವರು ನನ್ನ ಜಾಗದಲ್ಲಿ ಒಂದು ತಿಂಗಳು ಕೂತು ನೋಡಲಿ.

ಕೊನೆಗೆ ಅವನನ್ನು ಮೈಸೂರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಬೇರೆ ರಾಜ್ಯಕ್ಕೆ, ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಆಗತಾನೇ ಬಂದಿದ್ದ ಒಂದು ಮಾತ್ರೆ ಕೊಟ್ಟು, ತಪ್ಪದೆ ನುಂಗಿಸಿ ಎಂದರು. ಅನ್ನವನ್ನೇ ನಂಬದವನು ಮಾತ್ರೆ ನುಂಗುತ್ತಾನೆಯೇ? ಉಗಿದ.

"ಗೊತ್ತಾಗ್ದಂಗೆ ಊಟಕ್ಕೆ ಬೆರೆಸ್ಬಿಡು. ಹೊಟ್ಟೆಗೆ ಹೋದ್ರೆ ಸಾಕಲ್ಲ" ಎಂದರು ಯಜಮಾನರು. ಬೆರೆಸಿದ್ದನ್ನು ಮೊದಲು ತಿನ್ನಬೇಕಾದವಳು ನಾನು ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಒಂದು ತುತ್ತಿಗೆ ಏನಾದೀತು ಎಂದುಕೊಂಡೆ. ಮಾತ್ರೆ ಕಹಿ, ಅದಕ್ಕೆ ಹಾಗಲಕಾಯಿ ಗೊಜ್ಜು ಮಾಡಿದೆ. ಎರಡು ಮಾತ್ರೆ ಅರೆದು ಅದರಲ್ಲಿ ಕಲಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡದ್ದು ಇವತ್ತಿಗೂ ನಾಚಿಕೆ ತರುತ್ತದೆ.

ಮೊದಲ ತುತ್ತು ತಿಂದೆ. ನನ್ನ ಮುಖದಲ್ಲಿ ಅವನಿಗೇನು ಕಂಡಿತೋ, "ಇನ್ನೊಂದ್ ತಿನ್ನವ್ವ" ಎಂದ. ತಿಂದೆ. "ಇನ್ನೊಂದು." ಅದನ್ನೂ ತಿಂದೆ. ಆಮೇಲೆ ನಾನು ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸಲು ಕೂತೆ. ಅವನು ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಾ ಕೂತ. ನಾಲಗೆ ಮರಗಟ್ಟಿದಂತಾಯಿತು, ಕಣ್ಣು ಎಳೆಯಿತು. ಅಷ್ಟೇ ಗೊತ್ತು.

ಎಚ್ಚರವಾದಾಗ ಮುಖವೆಲ್ಲ ಒದ್ದೆ. ಅಕ್ಕಿ ಜಗಲಿಯ ತುಂಬ ಚೆಲ್ಲಿತ್ತು. ನನ್ನ ತಲೆ ಮಲ್ಲೇಶನ ತೊಡೆಯ ಮೇಲಿತ್ತು. ಅವನು ಸೌಟಿನಲ್ಲಿ ಉಪ್ಪುನೀರು ಹಿಡಿದು ನನ್ನ ಬಾಯಿಗೆ ಹುಯ್ಯುತ್ತಿದ್ದ, ಗಳಗಳ ಅಳುತ್ತಿದ್ದ.

"ಕಕ್ಕವ್ವ, ಕಕ್ಕು! ನಂಗೆ ಇಟ್ಟಿದ್ ವಿಷಾನ ನೀ ತಿಂದ್ಬಿಟ್ಯಲ್ಲವ್ವ!"

ಗದ್ದೆಯಿಂದ ಓಡಿಬಂದ ಯಜಮಾನರು ನನಗೊಂದು ದಾರಿ ತೋರಿಸಿದರು. "ಏನಿಲ್ಲ ಕಣೋ, ಸುಸ್ತಾಗಿ ಮಲಗವಳೆ" ಎಂದರು. ನಾನು ಹೂಂ ಎಂದಿದ್ದರೆ ಆಗುತ್ತಿತ್ತು. ಗೊಜ್ಜು ಬಿಟ್ಟು ಬೇರೆ ಇನ್ನೊಂದರಲ್ಲಿ ಬೆರೆಸಬಹುದಿತ್ತು. ಆದರೆ ಇಡೀ ಲೋಕದಲ್ಲಿ ಅವನು ನಂಬಿದ್ದು ನನ್ನ ಕೈಯೊಂದನ್ನೇ. ಆ ಕೈಯೇ ಅವನ ಅನುಮಾನವನ್ನು ನಿಜ ಮಾಡಿತ್ತು. ಅವನ ಕಣ್ಣೀರು ನನ್ನ ಹಣೆಯ ಮೇಲೆ ಬೀಳುತ್ತಿರುವಾಗ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ವಿಷ ಅಲ್ಲ ಮಗ, ಡಾಕ್ಟ್ರು ಕೊಟ್ಟ ಮಾತ್ರೆ. ನಾನೇ ಅರೆದು ಹಾಕ್ದೆ" ಎಂದೆ.

ಅವನು ನನ್ನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದು ಹೋದ. ಎರಡು ದಿನ ಉಪವಾಸ. ನಾನು ಅವನೆದುರು ತುತ್ತಿನ ಮೇಲೆ ತುತ್ತು ತಿಂದು ತೋರಿಸಿದರೂ ನನ್ನತ್ತ ತಿರುಗಲಿಲ್ಲ. ಇನ್ನು ಇವನಿಗೆ ಅನ್ನವಿಕ್ಕುವವರು ಯಾರೂ ಉಳಿಯಲಿಲ್ಲ, ಉಳಿದಿದ್ದೊಬ್ಬಳನ್ನು ನಾನೇ ಕೊಂದೆ ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನೀನೇ ಹಾಕಿ, ನೀನೇ ಯಾಕವ್ವ ತಿಂದೆ?"

"ನಾನು ತಿನ್ನದಿದ್ರೆ ನೀನು ತಿಂತಿದ್ಯಾ?"

"ಬೆರೆಸ್ಬ್ಯಾಡ. ಕಾಣೋ ಹಂಗೆ ಇಡು. ತಿನ್ನೋದು ಬಿಡೋದು ನಂಗ್ ಬಿಡು" ಎಂದ.

ಅಂದಿನಿಂದ ಅವನ ತಟ್ಟೆಯ ತುದಿಯಲ್ಲಿ ಉಪ್ಪಿನ ಪಕ್ಕ ಒಂದು ಮಾತ್ರೆ. ಕೆಲವು ದಿನ ನುಂಗಿದ. ಕೆಲವು ದಿನ ಸಾರಿನ ಕರಿಬೇವಿನ ಹಾಗೆ ಬದಿಗೆ ತಳ್ಳಿ ಎದ್ದ. ನುಂಗಿದ ವಾರಗಳಲ್ಲಿ ದನಿಗಳು ಮೆತ್ತಗಾಗುತ್ತಿದ್ದವು, ಬಿಟ್ಟ ವಾರಗಳಲ್ಲಿ ನಾನು ಬೇಡಿಕೊಳ್ಳುತ್ತಿದ್ದೆ, ರೇಗುತ್ತಿದ್ದೆ, ಆದರೆ ಮತ್ತೆ ಬೆರೆಸಲಿಲ್ಲ. ವಾಸಿಯಾಯಿತೇ ಎಂದು ಕೇಳುತ್ತೀರಿ. ಇಲ್ಲ. ಯಜಮಾನರು ಹೋದರು, ಮಲ್ಲೇಶನ ಕೂದಲು ನರೆಯಿತು. ಏಲಕ್ಕಿ ಆರಿಸುತ್ತಾನೆ, ಎಮ್ಮೆ ನೋಡಿಕೊಳ್ಳುತ್ತಾನೆ. ಮೊದಲ ತುತ್ತು ಇವತ್ತಿಗೂ ನನ್ನದೇ. ನಾನು ಹೋದ ಮೇಲೆ ಯಾರದ್ದು ಎಂದು ಯೋಚಿಸಿ ಯೋಚಿಸಿ ಈಗ ಯೋಚಿಸುವುದಕ್ಕೂ ಸುಸ್ತು.

ಮೇಷ್ಟ್ರನ್ನು ಲೋಟ ಹಿಡಿಸಿ ಕೂರಿಸಿಯೇ ಹಳೆಯ ಮಾತಿಗಿಳಿದೆನಲ್ಲ! ಅವರು ಕುಡಿಯಲಾರದೆ, ಇಡಲಾರದೆ ಒದ್ದಾಡುತ್ತಿದ್ದರು. ನಾನು ನಾಚಿಕೆಯಿಂದ, ಬೇರೆ ತರುತ್ತೇನೆ ಎನ್ನುವಷ್ಟರಲ್ಲಿ, ಜಗಲಿಯ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮಲ್ಲೇಶ ತಲೆಯೆತ್ತದೆ ಹೇಳಿದ:

"ಕುಡೀರಿ ಸಾರ್, ಏನಾಗಲ್ಲ. ನಮ್ಮವ್ವ ನೋಡವಳೆ."

ಮೋಸ ಮಾಡಿದ್ದ ಕೈ ಅದು. ಆ ಕೈಯ ಪರವಾಗಿ, ಯಾರನ್ನೂ ನಂಬದ ನನ್ನ ಮಗ ಹೊಸಬರೊಬ್ಬರಿಗೆ ಧೈರ್ಯ ಹೇಳುತ್ತಿದ್ದ. ಮೇಷ್ಟ್ರಿಗೆ ಏನು ಅರ್ಥವಾಯಿತೋ, ಅವನನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಲೋಟ ಎತ್ತಿ ಪೂರ್ತಿ ಕುಡಿದರು.

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಪಾತ್ರೆಯಲ್ಲಿ ಉಳಿದಿದ್ದ ಕಾಫಿಯನ್ನು ಒಂದು ಲೋಟಕ್ಕೆ ಬಗ್ಗಿಸಿಕೊಂಡು, ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ ನಾನೇ ಕುಡಿದೆ.