ಕ್ಯಾಜಿಟನ್ ಮನೆಯ ಐದನೆಯವ

ವಿಲಾಯಿತಿಯ ಎಜ್‌ವೇರ್‌ನಲ್ಲಿ ಕರಾವಳಿಯ ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದ ಬಾಡಿಗೆ ಹಾಲಿನ ಬಾಗಿಲಲ್ಲಿ ಬೀಟ್ರಿಸ್ ಕೂತಳೆಂದರೆ, ಹೆಸರು ಬರೆಸದೆ ಒಂದು ನರಪಿಳ್ಳೆಯೂ ಒಳಗೆ ಹೋಗುವಂತಿರಲಿಲ್ಲ. ಕೊರೋನಾ ಕಾಲ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿನ ಕಪ್ಪು ಚೌಕಕ್ಕೆ ಫೋನ್ ತೋರಿಸಿದರೂ ಸಾಕು ಎಂದು ಸರ್ಕಾರ ಹೇಳಿತ್ತು. ವಯಸ್ಸಾದವರಿಗೆ ಅದು ಒಗ್ಗುತ್ತಿರಲಿಲ್ಲ. ಅವರಿಗೆ ಬೀಟ್ರಿಸ್‌ಳ ನೋಟ್‌ಬುಕ್ಕೇ ಗತಿ.

ಅವಳು ಬರೆಯುತ್ತಿದ್ದುದು ಮನೆ ಲೆಕ್ಕದಲ್ಲಿ. ಶಿರ್ವದಲ್ಲಿ ಅವಳ ಅಪ್ಪ ಇಗರ್ಜಿಯ ವಾಳೆಗೆ, ಅಂದರೆ ಚರ್ಚಿನ ಒಂದು ವಾರ್ಡಿಗೆ, ಗುರ್ಕಾರನಾಗಿ ಮುಖಂಡತ್ವ ವಹಿಸಿದ್ದವನು. ಹಬ್ಬವಿರಲಿ, ಸಾವಿರಲಿ, ಜನರನ್ನು ಎಣಿಸುತ್ತಿರಲಿಲ್ಲ, ಮನೆಗಳನ್ನು ಎಣಿಸುತ್ತಿದ್ದ. ಮನೆಯ ಯಜಮಾನನ ಹೆಸರು, ಪಕ್ಕದಲ್ಲಿ ತಲೆ ಎಷ್ಟು, ಅಷ್ಟೇ. ಮೊದಲ ವರ್ಷ ಇಲ್ಲಿಯ ಕಾನೂನೂ ಹಾಗೆಯೇ ಇತ್ತು: ಗುಂಪಿಗೆ ಒಬ್ಬರ ಹೆಸರು, ಒಂದು ನಂಬರು. ನಡುವೆ ಲಾಕ್‌ಡೌನ್ ಬಂತು, ಚಳಿಗಾಲವಿಡೀ ಹಾಲಿಗೆ ಬೀಗ ಬಿತ್ತು. ಮತ್ತೆ ತೆರೆಯುವಷ್ಟರಲ್ಲಿ ಒಬ್ಬೊಬ್ಬರ ಹೆಸರನ್ನೂ ಬರೆಯಬೇಕೆಂದು ನಿಯಮ ಬದಲಾಗಿತ್ತು. ಬೀಟ್ರಿಸ್ ಮಾತ್ರ ಹಳೇ ಪುಸ್ತಕದ ಮುಂದಿನ ಪುಟ ತೆರೆದು ಕೂತಳು.

ಹಾಗೆಂದು ನಿಯಮಕ್ಕೆ ಹೆದರದವಳೇನಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ತನ್ನ ಜೊತೆ ಕೆಲಸ ಮಾಡಿದ ಗೆಳತಿ ವಿಶಾಲಾಕ್ಷಿಯ ಮನೆಯೊಳಕ್ಕೆ ಹದಿನಾಲ್ಕು ತಿಂಗಳಿಂದ ಅವಳು ಕಾಲಿಟ್ಟಿರಲಿಲ್ಲ. ವಿಶಾಲಾಕ್ಷಿ ಮೈಸೂರಿನವಳು, ಪಿನ್ನರ್‌ನಲ್ಲಿ ಒಬ್ಬಳೇ ಇದ್ದಳು. ರಕ್ತದ ಕ್ಯಾನ್ಸರು. ಲಸಿಕೆ ಹಾಕಿದರೂ ನಿಮ್ಮ ಮೈ ಅದನ್ನು ಹಿಡಿದುಕೊಳ್ಳುವ ಭರವಸೆಯಿಲ್ಲ, ಈ ಕಾಯಿಲೆ ಅಂಟಿದರೆ ಕಷ್ಟ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಬೀಟ್ರಿಸ್ ಎರಡು ಬಸ್ಸು ಬದಲಿಸಿ ಹೋಗಿ, ಹಣ್ಣು, ಮಾತ್ರೆ ಮೆಟ್ಟಿಲಲ್ಲಿಟ್ಟು, ಗೇಟಿನ ಬಳಿ ನಿಂತು ಮಾತಾಡಿ ಬರುತ್ತಿದ್ದಳು. ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಮೇ ಕೊನೆಯ ಶನಿವಾರ, ಕ್ಯಾಜಿಟನ್‌ನ ಅಣ್ಣ ತೀರಿಕೊಂಡು ತಿಂಗಳಾದದ್ದಕ್ಕೆ ಹಾಲಿನಲ್ಲಿ ಪ್ರಾರ್ಥನೆ. ಅಣ್ಣ ಉಡುಪಿಯ ಆಸ್ಪತ್ರೆಯಲ್ಲಿ ಆಕ್ಸಿಜನ್‌ಗೆ ಕಾದು ಹೋಗಿದ್ದ. ಕ್ಯಾಜಿಟನ್ ವಿಮಾನ ಹತ್ತುವಂತಿರಲಿಲ್ಲ, ಮಣ್ಣಿಗೂ ಹೋಗಲಾಗಲಿಲ್ಲ. ಮೂವತ್ತು ಜನ ಸೇರಲು ಅವಕಾಶವಿತ್ತು. ಕ್ಯಾಜಿಟನ್, ಹೆಂಡತಿ, ಮಗಳು ಕ್ಲಾರಿಸ್ಸಾ, ಅಳಿಯ, ಅವರ ಹಿಂದೆ ಇಡ್ಲಿಯಂಥ ಸನ್ನಾಂ ತುಂಬಿದ ದೊಡ್ಡ ಪಾತ್ರೆ ಹೊತ್ತ ಒಬ್ಬ ಗಂಡಸು. ಸಾವಿನ ಮನೆಯ ಪಾತ್ರೆ ಹೊರುವವನು ಆ ಮನೆಯವನಲ್ಲದೆ ಇನ್ನಾರು? ಬೀಟ್ರಿಸ್ ಬರೆದಳು: ಕ್ಯಾಜಿಟನ್, ಐದು.

ಊಟಕ್ಕೆ ಬಡಿಸಿದವನೂ ಅವನೇ. ಕ್ಲಾರಿಸ್ಸಾಳ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, "ತುಗೊಳ್ರಿ ಅಕ್ಕಾರ, ಬಿಸಿ ಅದಾವ" ಎಂದು ಬೀಟ್ರಿಸ್‌ಳ ತಟ್ಟೆಗೂ ಎರಡು ಹಾಕಿದ್ದ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸೋಂಕು ಪತ್ತೆಯ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಹಾಲಿಗೆ ಬಂದಿದ್ದ ಒಬ್ಬರಿಗೆ ಪಾಸಿಟಿವ್ ಬಂದಿದೆ. ಸೋಮವಾರ ರಾತ್ರಿಯೇ ಫಲಿತಾಂಶ ಬಂದಿತ್ತು, ಅವರು ಹೆಸರು ಹೇಳಿದವರಿಗೆ ಮಂಗಳವಾರ ಬೆಳಿಗ್ಗೆಯೇ ಫೋನ್ ಮಾಡಿದ್ದೇವೆ. ನೀವು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ. ಈಗ ನಿಮ್ಮ ಪುಸ್ತಕ ಓದಿ.

ಬೀಟ್ರಿಸ್ ಓದಿದಳು. ಹುಡುಗಿ ನಡುವೆ ತಡೆದಳು.

"ಐದು ಅಂದರೆ ಯಾರು ಯಾರು?"

"ಮನೆಯವರು."

"ಹೆಸರು ಬೇಕಲ್ಲ ಮೇಡಂ. ಪ್ರತಿಯೊಬ್ಬರದೂ ಬರೆಯಬೇಕಿತ್ತು."

"ಹೋದ ವರ್ಷ ಹೀಗೇ ಬರೀತಿದ್ದೆ."

"ಅದು ಹೋದ ವರ್ಷ."

ಫೋನ್ ಇಟ್ಟವಳೇ ಕ್ಯಾಜಿಟನ್‌ಗೆ ಹಚ್ಚಿದಳು. ಅವನ ಧ್ವನಿ ಒಣಗಿತ್ತು. ಪಾಸಿಟಿವ್ ಬಂದದ್ದು ಕ್ಲಾರಿಸ್ಸಾಳಿಗೇ.

"ನಾವು ನಾಲ್ಕು ಮಂದಿಯೂ ಮನೆಯಲ್ಲೇ ಇದ್ದೇವೆ ಬೀಟ್ರಿಸ್ ಬಾಯಿ."

"ನಾಲ್ಕಾ? ಐದನೆಯವರು ಎಲ್ಲಿ?"

"ಯಾವ ಐದನೆಯವ ಮಾರಾಯ್ತಿ? ನಮ್ಮ ಮನೆಯಲ್ಲಿ ಇರುವುದೇ ನಾಲ್ಕು ಜನ."

"ಪಾತ್ರೆ ಹೊತ್ತವನು?"

"ಅವನಾ? ಬಾಗಿಲ ಹತ್ತಿರ ನಿಂತಿದ್ದ. ನನ್ನ ಸೊಂಟ ನಿಮಗೆ ಗೊತ್ತುಂಟಲ್ಲ, 'ಕೊಡ್ರಿ ಇಲ್ಲಿ' ಅಂತ ಹಿಡ್ಕೊಂಡ. ನಿಮ್ಮ ಕಡೆಯವ ಅಂತ ಎಣಿಸಿದ್ದೆ ನಾನು."

"ನಾನು ನಿಮ್ಮವ ಅಂತ."

ಆಮೇಲೆ ಕ್ಯಾಜಿಟನ್‌ಗೆ ನೆನಪಾಯಿತು. ಕೋಳಿ ಸಾರನ್ನು ಹ್ಯಾರೋದ ಒಂದು ಮನೆ-ಅಡುಗೆಯವರಿಂದ ತರಿಸಿದ್ದರು. ತಂದವನು ಅವನೇ ಇರಬೇಕು. ದಿನಾ ಮನೆಮನೆಗೆ ಊಟದ ಡಬ್ಬಿ ಕೊಡುವವನು.

ಡಬ್ಬಿ ಎಂದದ್ದೇ, ಬೀಟ್ರಿಸ್ ಕರೆ ಕತ್ತರಿಸಿದಳು. ಅವಳಿಗೆ ಮುಖಗಳು ಮರೆಯುತ್ತವೆ, ದನಿ ಮರೆಯುವುದಿಲ್ಲ. ಬಿಸಿ ಅದಾವ. ಆ ದನಿಯನ್ನು ಅವಳು ಶನಿವಾರಕ್ಕಿಂತ ಮೊದಲೇ ಕೇಳಿದ್ದಳು, ಫೋನಿನಲ್ಲಿ, ವಿಶಾಲಾಕ್ಷಿಯ ಮಾತಿನ ಹಿಂದೆ: "ಡಬ್ಬಿ ಇಟ್ಟೇನ್ರಿ ಅಕ್ಕಾರ, ಬಿಸಿ ಅದಾವ ರೊಟ್ಟಿ." ಬಾಗಿಲಲ್ಲಿಟ್ಟು ಹೋಗುವವನು ಎಂದುಕೊಂಡಿದ್ದಳು. ಈಗ ಯೋಚಿಸಿದರೆ ಆ ದನಿ ಬಾಗಿಲಷ್ಟು ದೂರದ್ದಾಗಿರಲಿಲ್ಲ.

ವಿಶಾಲಾಕ್ಷಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮೂರನೇ ಸಲಕ್ಕೆ ಎತ್ತಿದಳು.

"ಏನೇ, ಇಷ್ಟು ಬೇಗ? ಮಲಗಿದ್ದೆ."

"ಬೆಳಿಗ್ಗೆ ಹನ್ನೊಂದೂವರೆಗೆ ಮಲಗಿದ್ದೆಯಾ?"

"ಯಾಕೋ ಸುಸ್ತು. ನೀನೇನು ನಮ್ಮತ್ತೆ ಥರಾ ಕೇಳ್ತೀಯಲ್ಲ."

"ನಿಂಗೆ ಡಬ್ಬಿ ತರುವವನು ಇವತ್ತು ಬಂದನಾ?"

"ಮಲ್ಲಪ್ಪನಾ? ಇಲ್ಲ, ಮೈ ಬಿಸಿಯಂತೆ, ಬೇರೆಯವರು ತರ್ತಾರಂತೆ. ನಿನ್ನೆ ಬಂದಿದ್ನಲ್ಲ. ಪಾಪ, ಕೆಮ್ಮಿಕೊಂಡೇ ಅರ್ಧ ಗಂಟೆ ಕೂತು ಬಾದಾಮಿ ಕಡೆಯ ಕಥೆ ಹೇಳಿದ. ನಕ್ಕೂ ನಕ್ಕೂ ಸಾಕಾಯ್ತು ಕಣೇ."

"ಒಳಗೆ ಕೂತಿದ್ದನಾ? ಮಾಸ್ಕ್ ಇತ್ತಾ?"

"ನಾನೇ ತೆಗಿಯಪ್ಪ ಅಂದೆ. ಮೊದಲೇ ಆ ಕಡೆ ಭಾಷೆ, ಬಾಯಿ ಮುಚ್ಕೊಂಡ್ರೆ ನಂಗೇನು ಅರ್ಥ ಆಗತ್ತೆ?"

"ನಿನ್ನೆ ಒಂದಿನಾನಾ?"

"ದಿನಾ ಬರ್ತಾನಲ್ಲ. ಭಾನುವಾರ, ಸೋಮವಾರ..."

"ವಿಶಾಲೂ, ನನ್ನನ್ನ ಒಂದು ವರ್ಷದಿಂದ ಗೇಟಲ್ಲಿ ನಿಲ್ಲಿಸಿದ್ದಿಯಲ್ಲೇ."

"ನಾನೆಲ್ಲಿ ನಿಲ್ಲಿಸಿದೆ? ನೀನೇ ನಿಂತೆ. ಬಾ ಅಂತ ಎಷ್ಟು ಸಲ ಕರೆದೆ ನಿನ್ನ. ಅವನು ಕರೆದ ತಕ್ಷಣ ಬಂದ."

ಬೀಟ್ರಿಸ್ ಮಾತು ತಿರುಗಿಸಿದಳು. "ಊಟ ಮಾಡ್ತಿದ್ದೀಯ ತಾನೆ?" ಎಂದಳು.

"ಎಂಥಾ ಊಟ. ನಿನ್ನೆ ಸಾರಿಗೆ ಉಪ್ಪೇ ಹಾಕಿಲ್ಲ ಅವರು. ಬೆಳಿಗ್ಗೆ ಉಪ್ಪಿಟ್ಟು ನಾನೇ ಮಾಡಿದೆ, ಅದೂ ಸಪ್ಪೆ. ಉಪ್ಪಿನಕಾಯಿ ನೆಂಚಿಕೊಂಡೆ ಕಣೇ, ಅದೂ ಹುಲ್ಲಿನ ಥರಾ."

ಕಿಟಕಿಯಾಚೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಗುರ್ರೆನ್ನುತ್ತಿತ್ತು. ಬೀಟ್ರಿಸ್ ಎದ್ದು ಕಿಟಕಿ ಮುಚ್ಚಿದಳು. ಸುತ್ತಿ ಬಳಸಿ ಹೇಳುವ ಹಾಗಿರಲಿಲ್ಲ. ಹಾಲಿನ ವಿಷಯ, ಕ್ಲಾರಿಸ್ಸಾಳ ವಿಷಯ, ಪಾತ್ರೆ ಹೊತ್ತವನ ವಿಷಯ, ಎಲ್ಲ ಹೇಳಿದಳು. "ಬಾಗಿಲಲ್ಲೇ ಅವನ ಹೆಸರು, ನಂಬರು ಕೇಳಿ ಬರೆದಿದ್ದರೆ ಅವನು ಯಾರು ಅಂತ ಕ್ಲಾರಿಸ್ಸಾಳಿಗೂ ಗೊತ್ತಾಗ್ತಿತ್ತು, ಮಂಗಳವಾರ ಬೆಳಿಗ್ಗೆಯೇ ಅವನಿಗೆ ಫೋನ್ ಹೋಗ್ತಿತ್ತು. ನಾನು ಬರೆಯಲಿಲ್ಲ. ತಪ್ಪು ನಂದು."

ಆ ಕಡೆಯಿಂದ ಬರೀ ಉಸಿರು ಕೇಳಿಸಿತು. ಒಂದು ಕೆಮ್ಮು. ಅದನ್ನು ತಡೆಯಲು ಹೋಗಿ ಇನ್ನೊಂದು.

"ಅವನಿಗೆ ಶನಿವಾರಕ್ಕೆ ಮೊದಲೇ ಇತ್ತೋ ಏನೋ. ನಂಗೆ ಭಾನುವಾರವೇ ಅಂಟಿದ್ರೆ ನಿನ್ನ ಪುಸ್ತಕದಿಂದ ಏನೂ ಆಗ್ತಿರ್ಲಿಲ್ಲ ಬಿಡು," ಎಂದಳು ವಿಶಾಲಾಕ್ಷಿ. ಸಮಾಧಾನಕ್ಕೆ ಹೇಳಿದಳೋ ಲೆಕ್ಕ ಹಾಕಿ ಹೇಳಿದಳೋ ತಿಳಿಯಲಿಲ್ಲ. ಆಮೇಲೆ ಚಿಕ್ಕ ಮಗುವಿನ ದನಿಯಲ್ಲಿ, "ಈಗಲಾದ್ರೂ ಬರ್ತೀಯಾ?"

"ಹತ್ತು ದಿನ ಹೊರಗೆ ಬರಬಾರದು ಅಂದಿದ್ದಾರೆ. ನನ್ನಲ್ಲೂ ಇದ್ದರೆ?"

"ಹೂಂ. ನೀನು ಬರಲ್ಲ, ಗೊತ್ತು. ಫೋನಾದ್ರೂ ಇಡಬೇಡ."

ಬೀಟ್ರಿಸ್ ಇಡಲಿಲ್ಲ. ಆ ಫೋನನ್ನು ಎಡಗಿವಿಗೆ ಒತ್ತಿ ಹಿಡಿದು, ಮನೆಯ ಫೋನಿನಿಂದ ಆಂಬ್ಯುಲೆನ್ಸಿಗೆ ಹಚ್ಚಿದಳು. ವಿಳಾಸ ಕೊಟ್ಟಳು, ಕಾಯಿಲೆ ಹೇಳಿದಳು. ಉಸಿರು ಹೇಗಿದೆ ಎಂದು ಆ ಕಡೆಯ ಗಂಡಸು ಕೇಳಿದ. ಅವಳು ಕಿವಿಗೊಟ್ಟಳು. ಒಳಗೆ ಹೋಗುವ ಉಸಿರು ಚಿಕ್ಕದು, ತಿರುಗಿ ಬರುವುದು ಅದಕ್ಕಿಂತ ಚಿಕ್ಕದು. ನಡುವೆ, ನಿನ್ನೆ ಇರದಿದ್ದ ಒಂದು ಸಣ್ಣ ಸಿಳ್ಳು.

"ಗಾಡಿ ಕಳಿಸಿ," ಎಂದಳು. "ಬೇಗ ಕಳಿಸಿ."