ಅಕ್ಕವ್ವನ ಉಪ್ಪಿಟ್ಟು ತಿಂದ ತಪಾಸಣಿ

ಎಪ್ಪತ್ತೆಂಟನೇ ಇಸವಿ ಇರಬೇಕು. ಪಾರಿಶ್ವಾಡದಾಗ ಸರಕಾರದವರು ಬಡವರಿಗೆ ಜನತಾ ಮನಿ ಕಟ್ಟಸಾಕತ್ತಿದ್ರು. ಸಾಲಿನ ಮೊದಲನೇ ಮನಿ, ಬಸ್ ನಿಲ್ಲೂ ಜಾಗಾದ ಬಾಜೂಕ, ಅಕ್ಕವ್ವಂದು. ಗಂಡ ಹೋದ ಮ್ಯಾಲ ಮಂದಿ ಮದಿವ್ಯಾಗ ಅಡಗಿ ಮಾಡಿ ಬದುಕಿದಾಕಿ. ಕೈ ರುಚಿ ಭಾಳ ಚಲೋ, ಬಾಯಿ ಅದಕ್ಕಿಂತ ಜೋರು.

ಕೆಲಸ ತಪಾಸ ಮಾಡಾಕ ತಿಂಗಳಿಗೊಮ್ಮೆ ಇನ್‌ಸ್ಪೆಕ್ಟರ್ ಅವಧೂತರಾಯರು ಬರತಿದ್ರು. ಬೆಳಗಾವಿ ಟಿಳಕವಾಡ್ಯಾಗ ಮನಿ. ಖಾನಾಪುರದಾಗ ಬಸ್ ಬದಲಿ ಮಾಡಿ ಇಲ್ಲಿಗೆ ಮುಟ್ಟೂದರಾಗ ಹೊಟ್ಟಿ ಹಸದು ಹೈರಾಣ. ಗುತ್ತಿಗೆದಾರ ಗುರುಪಾದಪ್ಪಗ ಇದು ಬರೋಬ್ಬರಿ ಗೊತ್ತಿತ್ತು. “ಬರ್ರಿ ಸಾಹೇಬ್ರ, ಮೊದಲ ನಾಷ್ಟಾ ಆಗಲಿ” ಅಂತ ಅಕ್ಕವ್ವನ ಮನ್ಯಾಗ ಕುಂದರಸತಿದ್ದ. ಸಾಹೇಬ್ರು ಉಪ್ಪಿಟ್ಟು ತಿಂದು, ಚಾ ಕುಡದು, ಛತ್ರಿ ತುದೀಲೆ ಗ್ವಾಡಿಗೆ ಟಕ್ ಟಕ್ ಅನಿಸಿ, “ಕೆಲಸ ಮಸ್ತ್ ಐತಿ” ಅನ್ನೂದರಾಗ ಬಸ್ ಹೊಳ್ಳಿ ಬರತಿತ್ತು. ಸಾಲಿನ ಉಳದ ಮನಿ ನೋಡೂದು ಮುಂದಿನ ಸಲಕ್ಕ.

ಹಿಂಗಾಗಿ ಸಾಹೇಬ್ರು ಬರೂ ಸುದ್ದಿ ಬಂದಾಗೆಲ್ಲಾ ಅಕ್ಕವ್ವನ ಗ್ವಾಡಿಗೆ ಹೊಸಾ ಸುಣ್ಣ. ಬಾಕಿ ಮನಿಗೋಳು ಎದಿಮಟ್ಟ ಎದ್ದು ಹಂಗ ನಿಂತಿದ್ವು. ನಮ್ಮ ಅಕ್ಕವ್ವಗಂತೂ ನೆಲಾ ಕಾಣಲಾರದಷ್ಟು ಸೊಕ್ಕು. “ನನ್ನ ಉಪ್ಪಿಟ್ಟಿನ ಮ್ಯಾಲ ಸರಕಾರ ನಡದೈತಿ” ಅಂತ ಬಾವಿಕಟ್ಟಿ ಮ್ಯಾಲ ಹೇಳಕೋಂತ ಅಡ್ಡಾಡತಿದ್ಳು.

ಒಂದಿನ ಕಡೇ ಮನಿ ಶಿವಬಸವ್ವ ಅಳಕೋಂತ ಬಂದ್ಳು. ಮನಿ ಕಟ್ಟಸಾಕಂತ ಆಕಿ ಜೋಪಡಿ ಕೆಡವಿದ್ರು. ಈಗ ಯಾರದೋ ದನದ ಕೊಟ್ಟಿಗ್ಯಾಗ ಆಕಿ ವಸ್ತಿ. ಮಗಳದು ಚೊಚ್ಚಲ ಬಾಣಂತನ, ತವರಮನ್ಯಾಗ ಆಗಬೇಕು. “‘ತಲಿ ಮ್ಯಾಲ ಮಾಡು ಇಲ್ಲ, ಹೆಂಗ ಕಳಸೂಣು?’ ಅಂತ ಬೀಗರು ಹೇಳಿ ಕಳಸ್ಯಾರವ್ವಾ. ಮಳಿ ಬಂತಂದ್ರ ಮುಗೀತು. ಸಾಹೇಬ್ರು ನಿನ್ನ ತಾಟ ದಾಟಿ ಮುಂದ ಬರೂದs ಇಲ್ಲ.”

“ನನ್ನ ತಾಟೇನು ಮಾಡೈತಿ ನಿನಗ?” ಅಂತ ಅಕ್ಕವ್ವ ಸಿಟ್ಟಿಲೆ ಮುಖಾ ತಿರುವಿದ್ಳು. ಆದರ ಆ ಮಾತು ಎದ್ಯಾಗ ಮುಳ್ಳಿನಂಗ ಮುರಕೊಂಡು ಕುಂತಿತು.

ಮುಂದಿನ ಸಲ ಸಾಹೇಬ್ರು ಬಂದ್ರ ಅಕ್ಕವ್ವನ ಬಾಗಲಕ್ಕ ಕೀಲಿ! ಸಾಲಿನ ಆ ತುದೀಲಿಂದ ಆಕಿ ದನಿ ಬಂತು. “ಸಾಹೇಬ್ರ, ಇವತ್ತ ಒಲಿ ಇಲ್ಲಿ ಹಚ್ಚೇನ್ರಿ!”

ಗುರುಪಾದಪ್ಪ ಬೆವತು, “ಬ್ಯಾಡ್ರಿ, ಚಾದಂಗಡಿಗೆ ಹೋಗೂಣು” ಅಂದ. ಒಗ್ಗರಣಿ ವಾಸನಿ ಹಿಡದ ಸಾಹೇಬ್ರು ಎಲ್ಲಿ ಕೇಳತಾರ? ನಡದs ಬಿಟ್ರು. ಅರ್ಧಾ ದಾರಿ ನಗಕೋಂತ ಹೋದವರು, ಆಮ್ಯಾಲ ಆಜೂಬಾಜೂ ಮೋಟ ಗ್ವಾಡಿ ಎಣಿಸಿಕೋಂತ ನಡದ್ರು. ಶಿವಬಸವ್ವನ ಮನ್ಯಾಗ ಚಾಪಿ ಮ್ಯಾಲ ಕುಂತ್ರ ನೆತ್ತಿಗೆ ಬಿಸಲು ಚುರ್ ಅಂತು. ಗ್ವಾಡಿ ಮ್ಯಾಲೊಂದು ಕಾಗಿ ಬಂದು ಕುಂತು ಅವರ ತಾಟಿನ ಕಡೆ ನೋಡಾಕತ್ತು.

“ಗುರುಪಾದಪ್ಪಾ, ಈ ಮನಿ ಮಾಡು ಎಲ್ಲಿ?”

ಸಾಹೇಬ್ರು ಅವತ್ತು ಉಪ್ಪಿಟ್ಟು ಮುಟ್ಟಲಿಲ್ಲ. ಅಲ್ಲಿಂದ ಮುಂದ ವಾರಕ್ಕೊಮ್ಮೆ ಬರಾಕ ಸುರು ಮಾಡಿದ್ರು. ಗುರುಪಾದಪ್ಪ ಉಳದ ಮನಿ ಗ್ವಾಡಿ ಎಬ್ಬಿಸಿ ಹಂಚು ಹೊಚ್ಚಸಾಕ ಹತ್ತಿದ. ಕಡೇ ಮನೀಲಿಂದ ನೋಡಕೋಂತ ಬರೂದು, ನಿಚ್ಚಣಿಕಿ ಏರಿ ಹಂಚು ಹಂಚಿಗೂ ಕೈ ಹಚ್ಚೂದು, ಸಡ್ಲ ಇದ್ದದ್ದು ತಗಸಿ ಮತ್ತ ಹೊಚ್ಚಸೂದು. ಅಕ್ಕವ್ವನ ಮನಿ ಬರೂದರಾಗ ಬಸ್ ಹಾರ್ನ್ ಹೊಡೀತಿತ್ತು. “ನಿಂದು ಆವಾಗs ಪಾಸಾಗೇತಿ ಅಕ್ಕವ್ವಾ” ಅಂತ ಓಡತಿದ್ರು. ತಾಟ ಹಿಡಕೊಂಡು ನಿಂತ ಅಕ್ಕವ್ವಗ ಕಣ್ಣಾಗ ನೀರು ಬರತಿತ್ತು, ಖರೇ ಹೇಳತೇನಿ.

ಮಳಿ ಹಿಡೀತು. ಶಿವಬಸವ್ವನ ಮಗಳು ತವರಿಗೆ ಬಂದು ಗಂಡು ಹಡದ್ಳು. ಮುಗಲು ಹರದಂಗ ಸುರದ ಒಂದು ಮುಂಜಾನಿ ಅಕ್ಕವ್ವ ಹಾಸಿಗಿ ಸುತ್ತಿ ಬಗಲಾಗ ಹಿಡಕೊಂಡು, ತೊಯ್ದು ತೊಪ್ಪಿಯಾಗಿ ಶಿವಬಸವ್ವನ ಬಾಗಲಕ್ಕ ಬಂದು ನಿಂತ್ಳು.

“ಯಾಕವ್ವಾ? ಊರಾಗ ಸುಣ್ಣಾ ಕಂಡ ಮನಿ ನಿಂದೊಂದs!”

“ಮನಿ ತುಂಬ ಸೋರಾಕತ್ತೇತಿ” ಅಂದ್ಳು ಅಕ್ಕವ್ವ. “ಸಾಹೇಬ್ರು ಅಷ್ಟು ಸಲ ಬಂದ್ರು ನೋಡು, ಒಮ್ಮೇರೆ ತಲಿ ಎತ್ತಿ ಹಂಚು ನೋಡಲಿಲ್ಲ. ನಾನರ ಎಲ್ಲಿ ಎತ್ತಗೊಟ್ಟೆ? ಇನ್ನಷ್ಟು ಹಾಕಲೇನ್ರಿ, ಇನ್ನಷ್ಟು ಹಾಕಲೇನ್ರಿ ಅಂತಿದ್ದೆ.”

ಶಿವಬಸವ್ವ ನಕ್ಕು, ಆಕಿ ಕೈಯಾಗಿನ ಹಾಸಿಗಿ ಇಸಕೊಂಡು ಬಾಣಂತಿ ಬಾಜೂಕ ಹಾಸಿದ್ಳು.